ಅಂಗೈಯಗಲದ ದಪಾಟಿ

ಇದನ್ನು ಹೇಳಬೇಕೆಂದು ನಾನು ಬಹಳ ಸಲ ಕುಳಿತಿದ್ದೇನೆ, ಅಷ್ಟೇ ಸಲ ಎದ್ದೂ ಇದ್ದೇನೆ. ಒಮ್ಮೆ ಪೆನ್ನಿನ ಕಡ್ಡಿ ಮುಗಿದಿತ್ತು. ಒಮ್ಮೆ ಕನ್ನಡಕ ಸಿಗಲಿಲ್ಲ. ಹುಡುಕಿದವರಿಗೆ ಅದು ನನ್ನ ಹಣೆಯ ಮೇಲೆಯೇ ಸಿಕ್ಕಿತಾದರೂ ಅಷ್ಟರಲ್ಲಿ ಬರೆಯುವ ಹುರುಪು ಹೋಗಿದೆಯೆಂದು ನಾನೇ ತೀರ್ಮಾನಿಸಿಬಿಟ್ಟೆ. ಮತ್ತೊಮ್ಮೆ ನೆಂಟರು ಬಂದರು. ನೆಂಟರು ಬಾರದ ದಿನ ನಾನೇ ನೆಂಟರ ಮನೆಗೆ ಹೋದೆ. ಹೇಳಿಕೊಂಡು ಮೆರೆಯುವಂಥ ಸುದ್ದಿಯಾಗಿದ್ದರೆ ಇಷ್ಟೊತ್ತಿಗೆ ನಿಮಗೆಲ್ಲ ಎರಡೆರಡು ಸಲ ಹೇಳಿ ಬೇಸರ ತರಿಸಿರುತ್ತಿದ್ದೆ. ಇದು ಒಬ್ಬರ ಕೈಯಡುಗೆಯ ಮೇಲೆ ನಾನು ಹೊರಿಸಿದ ಅಪವಾದದ ಸುದ್ದಿ. ಹೊರಿಸಿದವನು ನಾನೆಂದು ಅವರಿಗೆ ಗೊತ್ತಿಲ್ಲ. ತಮ್ಮದೇ ತಪ್ಪೆಂದು ಅವರು ಇಂದಿಗೂ ನಂಬಿದ್ದಾರೆ.

ಈಗ ಹೇಳಲೇಬೇಕಾಗಿ ಬಂದದ್ದು ನನ್ನ ಸೊಸೆ ರೇಖಾಳ ದೆಸೆಯಿಂದ. ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ಬೆಳಗಿನ ತಿಂಡಿಯ ಹೊತ್ತು ಮಾರುಕಟ್ಟೆಯ ಹರಾಜಿನ ಹಾಗೆ ನಡೆಯುತ್ತದೆ. ರೇಖಾ ಹತ್ತು ತುತ್ತಿನಿಂದ ಶುರು ಮಾಡುತ್ತಾಳೆ. ಎರಡನೆಯ ಇಯತ್ತೆಯ ಮೊಮ್ಮಗಳು ಧನ್ವಿ ಅದನ್ನು ಐದಕ್ಕೆ ಇಳಿಸಿ, ಎರಡಕ್ಕೆ ತಂದು, ಕೊನೆಗೆ ನೆಕ್ಕಿದ ಹಾಗೆ ಮಾಡಿ ಎದ್ದು ಹೋಗುತ್ತಾಳೆ. ಇವಳನ್ನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನಿಲ್ಲಿಸಿದರೆ ದೊಡ್ಡ ದೊಡ್ಡ ದಲಾಲರು ಅಂಗಡಿ ಮುಚ್ಚಿಕೊಂಡು ಹೋಗಬೇಕು.

ರೇಖಾ ಸುಮ್ಮನೆ ಕುಳಿತವಳಲ್ಲ. ಮೊಬೈಲ್ ನೋಡಿ ನೋಡಿ ಆರೋಗ್ಯದ ತಿಂಡಿಗಳನ್ನು ಕಲಿತಳು. ನವಣೆ ಉಪ್ಪಿಟ್ಟು ಮಾಡಿದರೆ ಮಗಳು ಅದನ್ನು ಗುಬ್ಬಿಗೆ ಹಾಕಿ ಬಂದಳು. ಪಾಲಕದ ದೋಸೆ ಕಂಡು, “ಇದು ಹಸಿರ ಯಾಕೈತಿ, ಬೂಸಲ ಬಂದೈತೇನು?” ಎಂದು ಕೇಳಿದಳು. ಗಜ್ಜರಿಯನ್ನು ನಕ್ಷತ್ರದ ಆಕಾರಕ್ಕೆ ಕತ್ತರಿಸಿ ಇಟ್ಟರೆ ನಕ್ಷತ್ರಗಳನ್ನು ಗೋಡೆಗೆ ಅಂಟಿಸಲು ನೋಡಿದಳು.

“ಮಾವಾರ, ಮೊಬೈಲಿನ್ಯಾಗಿನ ಹುಡುಗರು ಎಷ್ಟ ಚಂದ ನಕ್ಕೋತ ತಿಂತಾವ ನೋಡ್ರಿ. ನಮ್ಮದಕ್ಕ ಏನಾಗೈತಿ?” ಎಂದು ರೇಖಾ ಒಂದು ದಿನ ತಟ್ಟೆ ಹಿಡಿದು ನನ್ನ ಮುಂದೆ ಬಂದು ನಿಂತಳು.

“ಅವು ಮೊಬೈಲಿನ್ಯಾಗ ಇರೂ ಹುಡುಗರವ್ವಾ. ಮನ್ಯಾಗ ಅವು ಏನ್ ತಿಂತಾವೋ ಯಾರು ಕಂಡಾರ?”

“ನಿಮಗ ನಗಿ. ನಿಮ್ಮ ಮಗಾನ ಮೊದಲ ತಿದ್ದಬೇಕು. ಅಪ್ಪ ಚಾದಾಗ ಬಿಸ್ಕೀಟ ಅದ್ದಿದ್ರ ಮಗಳು ರೊಟ್ಟಿ ತಿಂತಾಳೇನು?”

ಅವಳು ಹೇಳಿದ್ದು ಖರೆ. ನನ್ನ ಮಗ ಮಂಜುವಿಗೆ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಿದೆ. ನಲವತ್ತರ ಹತ್ತಿರ ಬಂದಿದ್ದರೂ ಅವನ ಬೆಳಗಿನ ತಿಂಡಿ ಚಹಾ ಮತ್ತು ಬಿಸ್ಕತ್ತು. ಬಿಸ್ಕತ್ತು ಲೋಟದೊಳಗೆ ಮುರಿದು ಬಿದ್ದರೆ ಬಾವಿಗೆ ಕೊಡ ಬಿದ್ದಷ್ಟು ಸಂಕಟಪಟ್ಟು ಚಮಚೆಯಿಂದ ಎತ್ತುತ್ತಾನೆ. ಮಗಳು ಅದನ್ನೇ ಕಲಿತಳು. ಒಂದು ದಿನ ಬರೀ ಹೊಟ್ಟೆಯಲ್ಲಿ ಶಾಲೆಗೆ ಹೋದವಳು ಪ್ರಾರ್ಥನೆಯ ಸಾಲಿನಲ್ಲಿ ತಲೆ ತಿರುಗಿ ಕುಳಿತುಬಿಟ್ಟಳು. ಶಾಲೆಯಿಂದ ಫೋನು ಬಂತು. ರೇಖಾ ಅವಳನ್ನು ಕರೆತಂದು ಮಲಗಿಸಿ, ಅಡುಗೆಮನೆಯಲ್ಲಿ ನೆಲಕ್ಕೆ ಕುಳಿತು ಅತ್ತಳು. ತಾಯಿಯ ಕೈಯಡುಗೆ ಮಗು ತಿನ್ನದಿದ್ದರೆ ತಾಯಿ ತನ್ನ ಕೈಯನ್ನೇ ಸಂಶಯದಿಂದ ನೋಡಿಕೊಳ್ಳುತ್ತಾಳೆ. ಹಾಗೆ ತಮ್ಮ ಕೈ ನೋಡಿಕೊಂಡ ಇನ್ನೊಬ್ಬರನ್ನು ನಾನು ಹಿಂದೆ ಕಂಡಿದ್ದೆ. ಅದನ್ನು ತಡೆಯಲಾರದೆ, “ಇನ್ನ ಎರಡ ದಿನ ತಡಿಯವ್ವಾ, ನಾ ಮಾಡಿ ತಿನಸತೇನಿ” ಎಂದೆ. ಅಂದ ಮೇಲೆ ನನಗೇ ಗಾಬರಿಯಾಯಿತು.

ಅಡುಗೆಯಲ್ಲಿ ನನ್ನ ಅರ್ಹತೆ ಏನೆಂದು ಕೇಳಿದರೆ ಹೇಳುತ್ತೇನೆ. ಎಸ್ಸೆಸ್ಸೆಲ್ಸಿ, ಅದೂ ಗಣಿತದಲ್ಲಿ ಎರಡನೆಯ ಸಲಕ್ಕೆ. ಆಮೇಲೆ ಜೀವನವಿಡೀ ಬ್ಯಾಡಗಿಯಲ್ಲಿ ಹಿಟ್ಟಿನ ಗಿರಣಿ. ಗಿರಣಿಯವನಿಗೆ ಊರಿನ ಹೊಟ್ಟೆಯೆಲ್ಲ ಗೊತ್ತಿರುತ್ತದೆ. ಯಾರ ಮನೆಗೆ ಅಳಿಯ ಬಂದಿದ್ದಾನೆ, ಯಾರ ಮನೆಯಲ್ಲಿ ಗೋಧಿ ಮುಗಿದು ಜೋಳವಷ್ಟೇ ಉಳಿದಿದೆ, ಯಾವ ಅತ್ತೆ ಸೊಸೆಗೆ ಸಣ್ಣ ಡಬ್ಬಿ ಕೊಟ್ಟು ಕಳಿಸಿದ್ದಾಳೆ, ಎಲ್ಲವೂ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ತಿಳಿಯುತ್ತದೆ. ಮೂವತ್ತರ ಪ್ರಾಯದಲ್ಲೇ ನನ್ನ ಹುಬ್ಬು, ರೆಪ್ಪೆ, ಮೀಸೆ ಎಲ್ಲ ಹಿಟ್ಟು ಕೂತು ಬೆಳ್ಳಗಿದ್ದವು. ಓಣಿಯ ಮಕ್ಕಳು ಆಗಲೇ ನನ್ನನ್ನು ಅಜ್ಜ ಎನ್ನುತ್ತಿದ್ದವು. ನಿಜವಾದ ಅಜ್ಜನಾದಾಗ ಬೇರೆ ಮೀಸೆ ಬೇಕಾಗಲಿಲ್ಲ.

ನಮ್ಮ ಬಾಲ್ಯದಲ್ಲಿ ತಿಂಡಿ ಎಂಬ ಬೇರೆ ಶಾಸ್ತ್ರವೇ ಇರಲಿಲ್ಲ ಬಿಡಿ. ನಿನ್ನೆಯ ಜೋಳದ ರೊಟ್ಟಿಯನ್ನು ಅವ್ವ ಮುರಿದು ಮಜ್ಜಿಗೆಯಲ್ಲಿ ನೆನೆಹಾಕಿ, ಮೇಲೊಂದಿಷ್ಟು ಶೇಂಗಾ ಚಟ್ನಿ ಉದುರಿಸಿ, “ತಿಂದ್ರ ತಿನ್ನು, ಬಿಟ್ರ ಎಮ್ಮಿ ಐತಿ” ಎನ್ನುತ್ತಿದ್ದಳು. ಎಮ್ಮೆ ಹಿತ್ತಲಿನಿಂದ ನಮ್ಮನ್ನೇ ನೋಡುತ್ತಿರುತ್ತಿತ್ತು. ಆ ನೋಟಕ್ಕೆ ಹೆದರಿಯೇ ನಾವು ಗಬಗಬನೆ ತಿಂದು ಬೆಳೆದೆವು. ಧನ್ವಿಗೆ ಎಮ್ಮೆ ಎಲ್ಲಿಂದ ತರುವುದು?

ಎರಡು ದಿನ ಕಳೆದು, ದಪಾಟಿ ಎಂಬ ಮಸಾಲೆ ರೊಟ್ಟಿ ತಟ್ಟಲು ನಾನು ಅಡುಗೆಮನೆ ಹೊಕ್ಕೆ. ಬಿಳಿಜೋಳ, ಸಜ್ಜೆ, ಗೋಧಿ, ಕಡಲೆಬೇಳೆ, ಹೆಸರುಕಾಳು ಬೇರೆ ಬೇರೆಯಾಗಿ ಹುರಿದು ಬೀಸಿಸಿಕೊಂಡು ತಂದಿದ್ದೆ. ಎಲ್ಲವನ್ನೂ ಒಂದೇ ಬೋಗುಣಿಗೆ ಸುರಿದು ಹುರಿಯುವ ನನ್ನಂಥ ಸೋಮಾರಿಗಳಿಗೆ ಸಜ್ಜೆ ಸೀದು ಕಡಲೆ ಹಸಿಯಾಗಿಯೇ ಉಳಿಯುತ್ತದೆ, ಎಚ್ಚರಿಕೆ. ಜೊತೆಗೆ ಜೀರಿಗೆ, ಅಜವಾನ, ಕೊತ್ತಂಬರಿ ಬೀಜ, ಕೆಮ್ಮು ನೆಗಡಿಗೆ ಒಳ್ಳೆಯದೆಂದು ನಾಲ್ಕು ಕಾಳು ಕರಿಮೆಣಸು. ಕೆಂಪು ಖಾರದ ಪುಡಿ ಚೂರೂ ಇಲ್ಲ. ಆ ಹಿಟ್ಟಿಗೆ ಮೆಂತ್ಯದ ಸೊಪ್ಪು, ತುರಿದ ಗಜ್ಜರಿ, ಎಳ್ಳು, ಮೊಸರು ಹಾಕಿ ಕಲಸಿದೆ. ಮಣೆಯ ಮೇಲೆ ಒದ್ದೆ ಬಟ್ಟೆ ಹಾಸಿ, ನಿಂಬೆಹಣ್ಣಿನಷ್ಟು ಹಿಟ್ಟು ಇಟ್ಟು ಧನ್ವಿಯನ್ನು ಕರೆದೆ.

“ನಾ ಏನ್ ಮಾಡ್ಲಿ ಅಜ್ಜಾ?”

“ಬಡಿ.”

“ಬಡೀಲ್ಯಾ?”

“ಹೂಂ. ಸಾಲ್ಯಾಗ ಯಾರ ಮ್ಯಾಲ ಸಿಟ್ಟ ಐತಿ, ಅವರನ್ನ ನೆನಸಿ ಬಡಿ.”

“ಗಣಿತದ ಮಿಸ್ಸು!” ಎಂದು ಕೂಗಿ ಅಂಗೈಯಿಂದ ಹಿಟ್ಟನ್ನು ಪಟಪಟನೆ ತಟ್ಟಿದಳು. ಗಣಿತದ ವಿಷಯದಲ್ಲಿ ನಮ್ಮದು ಒಂದೇ ರಕ್ತ. ಅವಳು ತಟ್ಟಿದ್ದು ಗುಂಡಗಿರಲಿಲ್ಲ, ಚೌಕವೂ ಆಗಿರಲಿಲ್ಲ. ಐದು ಬೆರಳಿನ ಗುರುತು ಮಾತ್ರ ಸ್ಪಷ್ಟವಾಗಿ ಮೂಡಿತ್ತು. ನಡುವೆ ತೂತು ಮಾಡಿ, ಹೆಂಚಿನ ಮೇಲೆ ಹಾಕಿ, ತೂತಿಗೆ ಎಣ್ಣೆಯ ಹನಿ ಬಿಟ್ಟು ಬೇಯಿಸಿದೆ. ಬೆಣ್ಣೆ ಹಚ್ಚಿ ತಟ್ಟೆಗಿಟ್ಟರೆ ಅವಳು ಊದಿ ಊದಿ ತಿಂದು, ಬೆರಳು ನೆಕ್ಕಿ, “ಇದು ನಂದು. ಯಾರೂ ಮುಟ್ಟಬ್ಯಾಡ್ರಿ” ಎಂದಳು. ಮುಟ್ಟಲು ಏನೂ ಉಳಿದಿರಲಿಲ್ಲ. ಆಮೇಲೆ ತಾಯಿಗೊಂದು ತಟ್ಟಿಕೊಟ್ಟು, “ಮಮ್ಮಿ, ಒಂದ ತುತ್ತ ಬಿಟ್ರೂ ನೋಡು” ಎಂದು ಗದರಿಸಿದಳು. ರೇಖಾ ಕಣ್ಣು ಒರೆಸಿಕೊಂಡು ನಗುತ್ತ, “ಮಾವಾರ, ಇಷ್ಟ ದಿನ ಈ ಶಾಣ್ಯಾತನ ಎಲ್ಲಿ ಮುಚ್ಚಿಟ್ಟಿದ್ರಿ?” ಎಂದಳು. ನಾನು ಮೀಸೆಯ ಮೇಲೆ ಕೈಯಾಡಿಸಿಕೊಂಡೆ.

ಅಷ್ಟರಲ್ಲಿ ಮಂಜು ಬಿಸ್ಕತ್ತಿನ ಪುಡಿಕೆ ಹಿಡಿದು ಬಂದ. ಹೆಂಚು ನೋಡಿದವನೇ, “ನನಗ ಬ್ಯಾಡಪ್ಪಾ. ದಪಾಟಿ ಅಂದ್ರ ನನಗ ಇನ್ನೂ ಖಾರದಕ್ಕಾರು ನೆನಪಾಗ್ತಾರ” ಎಂದ.

“ಖಾರದಕ್ಕಾರು ಅಂದ್ರ ಯಾರ ಪಪ್ಪಾ?”

“ನಾ ನಿನಗಿಂತ ಸಣ್ಣಾಂವಿದ್ದಾಗ ಬಾಲವಾಡ್ಯಾಗ ಕಲಸತಿದ್ರು. ದಪಾಟಿ ಅಂತ ಹೇಳಿ ನಮಗೆಲ್ಲಾ ಖಾರ ತಿನಸಿಬಿಟ್ರು. ಕಣ್ಣು ಕೈ ಎಲ್ಲಾ ಉರಿ. ಅಜ್ಜಗ ಗೊತ್ತೈತಿ ಕೇಳು.”

ಅಜ್ಜ ಹೆಂಚಿನ ಕಡೆ ತಿರುಗಿ, ಬೆಂದಿದ್ದ ದಪಾಟಿಯನ್ನೇ ಮತ್ತೆ ಬೇಯಿಸುತ್ತ ನಿಂತ.

ರೇಖಾ ನಾನು ಮಾಡುವುದನ್ನು ಮೊಬೈಲಿನಲ್ಲಿ ತೆಗೆದು, “ನಮ್ಮ ಮಾವಾರ ದಪಾಟಿ” ಎಂದು ಹೆಸರಿಟ್ಟು ಓಣಿಗೆಲ್ಲ ಹಂಚಿದಳು. ವಾರ ಕಳೆಯುವುದರೊಳಗೆ ಹಾಲಿನವಳಿಂದ ಹಿಡಿದು ಇಸ್ತ್ರಿಯವನವರೆಗೆ ನಾನು ದಪಾಟಿ ಅಜ್ಜನಾದೆ. ಶಾಲೆಯ ತಾಯಂದಿರು ಮನೆಗೆ ಬಂದು ಹಿಟ್ಟಿನ ಅಳತೆ ಕೇಳಿಕೊಂಡು ಹೋದರು. ನಾನೂ ನಾಚಿಕೆಯಿಲ್ಲದೆ, “ಸಜ್ಜಿ ಬ್ಯಾರೆ ಹುರೀರಿ, ಮಗೂನ ಕೈಲೆ ತಟ್ಟಸ್ರಿ” ಎಂದು ಪಂಡಿತನ ಹಾಗೆ ಹೇಳಿಕೊಟ್ಟೆ. ಅದರ ಒಂದು ಕಾಳೂ ನನ್ನದಲ್ಲ. ತಟ್ಟಿಸುವ ಉಪಾಯವೂ ನನ್ನದಲ್ಲ. ಎಲ್ಲ ಬಾಲವಾಡಿಯ ಅಕ್ಕಾರದು. ಅದೇ ದಪಾಟಿಗೆ ಅವರಿಗೆ ಸಿಕ್ಕ ಹೆಸರು ಖಾರದಕ್ಕಾರು, ನನಗೆ ಸಿಕ್ಕದ್ದು ದಪಾಟಿ ಅಜ್ಜ.

ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕಾರು ಎನ್ನುತ್ತೇವೆ. ಈ ಅಕ್ಕಾರು ಬ್ಯಾಡಗಿಯ ನಮ್ಮ ಓಣಿಯಲ್ಲಿ ತಮ್ಮ ಮನೆಯ ಪಡಸಾಲೆಯಲ್ಲೇ ಬಾಲವಾಡಿ ನಡೆಸುತ್ತಿದ್ದರು. ಸುಗ್ಗಿಯ ಕಾಲದಲ್ಲಿ ತಾಯಂದಿರು ಬೆಳಗಾಗುತ್ತಲೇ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಕಣಕ್ಕೆ ಹೋಗುತ್ತಿದ್ದರು. ಮಕ್ಕಳು ಬರೀ ಹೊಟ್ಟೆಯಲ್ಲಿ, ಹೆಚ್ಚೆಂದರೆ ಕೈಯಲ್ಲೊಂದು ಬಿಸ್ಕತ್ತು ಹಿಡಿದು ಬರುತ್ತಿದ್ದವು. ಅದನ್ನು ನೋಡಲಾರದೆ ಅಕ್ಕಾರು ದಪಾಟಿ ಶುರು ಮಾಡಿದರು. ಪ್ರತಿ ಮಗುವಿಗೂ ಅದರದೇ ಹಿಟ್ಟು, ಅದರದೇ ಅಂಗೈ. ಬೆಂದ ಮೇಲೆ ಬೆರಳಿನ ಗುರುತು ನೋಡಿ ತಮ್ಮ ತಮ್ಮ ದಪಾಟಿ ಹುಡುಕಿಕೊಳ್ಳಬೇಕು. ಬೇರೆಯವರದು ತಿಂದರೆ ಜಗಳ. ಊಟದ ಮೇಲೆ ಜಗಳವಾಗುವ ಹಾಗೆ ಮಾಡಿದರೆ ಸಾಕು, ಮಕ್ಕಳು ತಿನ್ನುತ್ತವೆ ಎನ್ನುವುದು ಅವರ ಲೆಕ್ಕ. ನನ್ನ ಮಂಜು ಆಗ ದಿನವೂ ಮನೆಗೆ ಬಂದು, “ನಂದು ಇಷ್ಟ ದೊಡ್ಡದಿತ್ತು” ಎಂದು ಎರಡೂ ಕೈ ಅಗಲಿಸಿ ತೋರಿಸುತ್ತಿದ್ದ.

ಅವರ ಹಿಟ್ಟು ಬೀಸುವವನು ನಾನು. ಗಿರಣಿಯಲ್ಲಿ ಎರಡು ಯಂತ್ರಗಳಿದ್ದವು, ಒಂದು ಹಿಟ್ಟಿಗೆ, ಒಂದು ಖಾರದ ಪುಡಿಗೆ. ಅಪ್ಪಿತಪ್ಪಿ ಹಿಟ್ಟಿನ ಕಲ್ಲಿಗೆ ಖಾರ ಹಾಕಿದರೆ, ಆಮೇಲೆ ಅಗ್ಗದ ಜೋಳ ಹಾಕಿ ಓಡಿಸಿ, ಬಂದ ಹಿಟ್ಟನ್ನು ಚೆಲ್ಲಬೇಕು. ಅದಕ್ಕೆ ನಾವು ಕಲ್ಲು ತೊಳೆಯುವುದು ಎನ್ನುತ್ತಿದ್ದೆವು. ನೀರು ಮುಟ್ಟಿಸದ ತೊಳೆತ.

ಆ ದಿನ ಖಾರದ ಯಂತ್ರದ ಪಟ್ಟಾ ಹರಿದಿತ್ತು. ಮಿರ್ಚಿ ಭಜಿ ಮಾಡುವವನೊಬ್ಬ ಹೊರಗಿನ ಖಾರದ ಕಾಯಿ ತಂದು ಅವಸರ ಮಾಡಿದ. ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ನಾಲಿಗೆಗೆ ಸೌಮ್ಯ. ಅವನ ಕಾಯಿ ಬಣ್ಣದಲ್ಲಿ ಬಡವ, ಖಾರದಲ್ಲಿ ರಾಕ್ಷಸ. ಹಿಟ್ಟಿನ ಕಲ್ಲಿಗೇ ಹಾಕಿ ಬೀಸಿಕೊಟ್ಟೆ. ಅವನು ಅತ್ತ ಹೋದ, ಅಕ್ಕಾರು ಡಬ್ಬಿ ಹಿಡಿದು ಇತ್ತ ಬಂದರು. ಕರೆಂಟು ಹೋಗುವ ಹೊತ್ತಾಗಿತ್ತು. ಕಲ್ಲು ತೊಳೆಯುತ್ತ ಕುಳಿತರೆ ಹಿಟ್ಟು ನಾಳೆಗೆ ಹೋಗುತ್ತಿತ್ತು.

“ಗಿರಣಿಯಣ್ಣಾರ, ಕಲ್ಲು ತೊಳದೀರಿಲ್ಲೋ? ಸಣ್ಣ ಹುಡುಗರು ತಿನ್ನೂದೈತಿ.”

“ತೊಳದೇನ್ರಿ ಅಕ್ಕಾರ. ನಿಮ್ಮ ಹಿಟ್ಟಿಗೆ ತೊಳೀಲಾರದ ಹಾಕತೇನೇನು?”

ಹಿಟ್ಟು ಕಂದು ಬಣ್ಣದ್ದು, ಕಾಯಿಯ ಬಣ್ಣ ಅದರಲ್ಲಿ ಕಾಣಲಿಲ್ಲ. ನಮ್ಮೂರ ಕಾಯಿಯೇ ಆಗಿದ್ದರೆ ಹಿಟ್ಟು ಕೆಂಪಾಗಿ ನಾನು ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಘಾಟಿನ ಮಾತು ಬೇಡವೇ ಬೇಡ. ಸುಗ್ಗಿಯಲ್ಲಿ ಬ್ಯಾಡಗಿಯ ಗಾಳಿಯೇ ಘಾಟು. ಬಸ್ಸಿನಿಂದ ಇಳಿದು ಸೀನಿದವರೆಲ್ಲ ಪರ ಊರಿನವರೆಂದು ನಾವು ಗುರುತು ಹಿಡಿಯುತ್ತಿದ್ದೆವು. ಮರುದಿನ ಸೋಮವಾರ, ಅಕ್ಕಾರದು ಒಪ್ಪತ್ತು. ದಿನವೂ ಮಕ್ಕಳಿಗಿಂತ ಮೊದಲು ಒಂದು ಚೂರು ಬಾಯಿಗೆ ಹಾಕಿಕೊಳ್ಳುವವರು ಅಂದು ಹಾಕಿಕೊಳ್ಳಲಿಲ್ಲ.

ಮಕ್ಕಳ ಕೂಗು ಗಿರಣಿಯ ಸದ್ದನ್ನೂ ದಾಟಿ ಬಂತು. ಓಡಿಹೋದೆ. ಹಿಟ್ಟು ತಟ್ಟಿದ ಅಂಗೈಗಳು ಉರಿಯುತ್ತಿದ್ದವು, ಮಕ್ಕಳು ಆ ಕೈಯಿಂದಲೇ ಕಣ್ಣು ಉಜ್ಜಿಕೊಂಡಿದ್ದವು. ಕಣದಿಂದ ತಾಯಂದಿರು ಓಡಿಬಂದರು. ಆದರೆ ಅವರ ಕೈಗಳೂ ಮೆಣಸಿನಕಾಯಿಯ ಕೈಗಳೇ, ಎಷ್ಟು ತೊಳೆದರೂ ಖಾರ ಬಿಡದವು. ಮುಟ್ಟಿದರೆ ಮಕ್ಕಳ ಕಣ್ಣು ಇನ್ನಷ್ಟು ಉರಿಯುತ್ತದೆ. ಹಾಗಾಗಿ ಎಲ್ಲರೂ ಕೈ ಹಿಂದೆ ಕಟ್ಟಿಕೊಂಡು ದೂರ ನಿಂತು ಬಾಯಿಯಿಂದಲೇ ಬಯ್ಯತೊಡಗಿದರು. ಅಕ್ಕಾರು ಒಬ್ಬರೇ ಕೈ ತೊಳೆದುಕೊಂಡು ಒಂದೊಂದು ಮಗುವನ್ನೂ ತೊಡೆಯ ಮೇಲೆ ಹಾಕಿಕೊಂಡು, ಕಣ್ಣಿಗೆ ನೀರು ಬಿಟ್ಟು, ಅಂಗೈಗೆ ಬೆಣ್ಣೆ ಸವರಿದರು. ಆ ತೊಡೆಯ ಮೇಲೆ ನನ್ನ ಮಂಜುವೂ ಇದ್ದ.

“ಏನ್ ಹಾಕೀರಿ ಅಕ್ಕಾರ ಅದರಾಗ? ಬ್ಯಾಡಗಿ ಹುಡುಗರು ಖಾರಕ್ಕ ಅತ್ತಿದ್ದು ಎಲ್ಲೆರ ಐತೇನು?” ಎಂದು ಒಬ್ಬಾಕೆ ಕೂಗಿದಳು.

“ಏನೂ ಇಲ್ಲವಾ… ಕೆಮ್ಮಿಗೆ ಅಂತ ನಾಕ ಕಾಳ ಮೆಣಸು…” ಎಂದು ಅಕ್ಕಾರು ನನ್ನತ್ತ ತಿರುಗಿದರು. “ಗಿರಣಿಯಣ್ಣಾರ, ನೀವರ ಹೇಳ್ರಿ. ಬೀಸಬೇಕಾರ ನಿಮಗೇನರ ಕಂಡತೇನು?”

ಎಲ್ಲರೂ ನನ್ನನ್ನು ನೋಡಿದರು. ಹೇಳಿದ್ದರೆ ಬಯ್ಗುಳ ನನ್ನ ಕಡೆ ತಿರುಗುತ್ತಿತ್ತು, ಅಷ್ಟೇ. ಹೆಚ್ಚೆಂದರೆ ಕೆಲವು ದಿನ ಡಬ್ಬಿಗಳು ಬೇರೆ ಗಿರಣಿಗೆ ಹೋಗುತ್ತಿದ್ದವು.

“ಮೆಣಸು ಒಂದೀಟ ಜಾಸ್ತಿ ಬಿದ್ದಿರಬೇಕ್ರಿ” ಎಂದೆ.

ಅಕ್ಕಾರು ತಮ್ಮ ಅಂಗೈ ನೋಡಿಕೊಂಡರು. ಕಾಳು ಹಾಕಿದ ಕೈ ಅದು. ಹಿಟ್ಟಿನ ವಿಷಯದಲ್ಲಿ ಗಿರಣಿಯವನಿಗಿಂತ ಹೆಚ್ಚು ಯಾರಿಗೆ ಗೊತ್ತಿರುತ್ತದೆ? ನಂಬಿಬಿಟ್ಟರು. ಮಕ್ಕಳು ಸಂಜೆಯ ಹೊತ್ತಿಗೆ ಆಡುತ್ತಿದ್ದವು. ಬಾಲವಾಡಿಯೂ ನಡೆಯಿತು. ಆದರೆ ಮರುದಿನದಿಂದ ಅಲ್ಲಿ ಹೆಂಚು ಕಾಯಲಿಲ್ಲ. ಅಕ್ಕಾರು ಬಿಸ್ಕತ್ತು ಹಂಚತೊಡಗಿದರು. ಮಂಜುವಿಗೆ ಬಿಸ್ಕತ್ತು ಹತ್ತಿದ್ದು ಅಲ್ಲಿಂದ. ಖಾರದಕ್ಕಾರು ಎಂಬ ಹೆಸರು ನನ್ನ ಗಿರಣಿಯ ಕಟ್ಟೆಯ ಮೇಲೇ ಹುಟ್ಟಿತು. ಹುಟ್ಟಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೆಲವು ವರ್ಷಗಳ ಮೇಲೆ ಅಕ್ಕಾರು ಬಾಲವಾಡಿ ಬಿಟ್ಟು ಹಲಗೇರಿಯಲ್ಲಿ ತಮ್ಮನ ಮನೆ ಸೇರಿದರು. ನಾನು ಮಗನ ಜೊತೆ ರಾಣೆಬೆನ್ನೂರಿಗೆ ಬಂದೆ. ಎರಡೂ ಎಷ್ಟು ಹತ್ತಿರವೆಂದರೆ, ಹೋಗದಿರಲು ನಾನು ಪಟ್ಟ ಶ್ರಮವೇ ಹೆಚ್ಚು. ಹಾವೇರಿಯಲ್ಲಿ ಒಂದು ಮದುವೆಗೆ ಅವರೂ ಬಂದಿದ್ದರು. ಅವರನ್ನು ಕಂಡವನೇ, ಏಲಕ್ಕಿ ಹಾರ ಹಾಕಿಸಿಕೊಳ್ಳಲು ನಿಂತಿದ್ದ ಗಣ್ಯರ ಸಾಲಿನ ಹಿಂದೆ ಅಡಗಲು ಹೋದೆ. ಗಡಿಬಿಡಿಯಲ್ಲಿ ನನಗೂ ಒಂದು ಹಾರ ಬಿತ್ತು. ಅದನ್ನು ಹಾಕಿಕೊಂಡೇ ಊಟ ಬಿಟ್ಟು ಬಸ್ಸು ಹತ್ತಿದೆ. ಇಡೀ ದಾರಿ ಏಲಕ್ಕಿಯ ಪರಿಮಳ ಬೀರುತ್ತ ಬಂದ ಹೇಡಿಯನ್ನು ಕಂಡಕ್ಟರು ಬಹಳ ಗೌರವದಿಂದ ಮಾತಾಡಿಸಿದ.

ದಪಾಟಿ ಅಜ್ಜನೆಂಬ ಬಿರುದು ಬಂದ ಮೇಲೆ ಮಾತ್ರ ತಡೆಯಲಾಗಲಿಲ್ಲ. ಕಳೆದ ತಿಂಗಳು ಒಂದು ಡಬ್ಬಿ ಹಿಟ್ಟು ತೆಗೆದುಕೊಂಡು ಹಲಗೇರಿಗೆ ಹೋದೆ. ಅಕ್ಕಾರು ಕಟ್ಟೆಯ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ತಮ್ಮನ ಮೊಮ್ಮಗ ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದ. ನನ್ನನ್ನು ನೋಡಿ ಕಣ್ಣು ಕಿರಿದು ಮಾಡಿ, “ಗಿರಣಿಯಣ್ಣಾರಲ್ಲೇನ್ರಿ? ಹುಬ್ಬಿನ ಹಿಟ್ಟು ಇನ್ನೂ ಝಾಡಿಸಿಲ್ಲಲ್ಲರಿ!” ಎಂದು ನಕ್ಕರು. “ಬರ್ರಿ, ಕುಂದ್ರಿ.”

ಕುಳಿತೆ. ಬ್ಯಾಡಗಿಯ ಒಬ್ಬೊಬ್ಬರನ್ನೂ ವಿಚಾರಿಸಿದರು. ನಾನು ಬಾಯಿ ತೆರೆದಾಗಲೆಲ್ಲ ಚಹಾ ಕುಡಿದೆ. ಕೊನೆಗೆ ಡಬ್ಬಿ ಮುಂದಿಟ್ಟು, “ನಿಮ್ಮ ದಪಾಟಿ ಹಿಟ್ಟ್ರಿ ಅಕ್ಕಾರ. ನನ್ನ ಮೊಮ್ಮಗಳು ದಿನಾ ತಿಂತಾಳ. ಈ ಹುಡುಗಗ ಮಾಡಿಕೊಡ್ರಿ” ಎಂದೆ.

“ಅಯ್ಯ, ನಾ ಹುಡುಗರ ತಿಂಡಿಗೆ ಕೈ ಹಚ್ಚೂದಿಲ್ರೀ. ಅವತ್ತಿಂದ ಬಿಟ್ಟೇನಿ. ದೊಡ್ಡವರಿಗೆ ಬೇಕಾದ್ದ ಮಾಡತೇನಿ. ಹುಡುಗರಿಗೆ ಅಂದ್ರ ನನ್ನ ಕೈ ಮ್ಯಾಲ ನನಗ ಭರೋಸಾ ಇಲ್ಲ.” ಮುಚ್ಚಳ ತೆಗೆದು ಚಿಟಿಕೆ ಹಿಟ್ಟನ್ನು ಮೂಸಿ ನೋಡಿದರು. “ಮೆಣಸ ಎಷ್ಟ ಹಾಕೀರಿ?”

“ನೀವು ಹಾಕತಿದ್ದಷ್ಟ್ರಿ.”

“ಬ್ಯಾಡ್ರಿ, ಅದು ಜಾಸ್ತಿ ಆಗ್ತದ. ಅರ್ಧಾ ಮಾಡ್ರಿ. ನಿಮ್ಮ ಮೊಮ್ಮಗಳು ತಿಂತಾಳ ಅಂತೀರಿ, ಕೂಸಿನ ಬಾಯಿ ಉರದೀತು. ನನಗ ಅನುಭವ ಐತಿ, ಅದಕ್ಕ ಹೇಳಾಕತ್ತೇನಿ.”

ಈಗಲಾದರೂ ಹೇಳಿರಬೇಕೆಂದು ನೀವು ಅಂದುಕೊಂಡಿರಿ. ನಾನೂ ಅಂದುಕೊಂಡಿದ್ದೆ. “ಆತ್ರಿ ಅಕ್ಕಾರ, ಅರ್ಧಾ ಮಾಡತೇನಿ” ಎಂದು ತಲೆಯಾಡಿಸಿ ಎದ್ದುಬಂದೆ. ಹೀಗೆ ಎರಡನೆಯ ಸಲವೂ ಅದೇ ಸುಳ್ಳು ಹೇಳಿದೆ. ಈ ಸಲ ಸುತ್ತ ನಿಂತು ಬಯ್ಯುವ ತಾಯಂದಿರೂ ಇರಲಿಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ನಿನ್ನೆ ಮಂಜುವಿನ ಕೈಗೆ ಕೊಟ್ಟೆ. ಅವನು ಬಿಸ್ಕತ್ತು ಬದಿಗಿಟ್ಟು ಕೊನೆಯವರೆಗೂ ಓದಿದ. ಚಹಾ ಆರಿಹೋಯಿತು. ಆಮೇಲೆ, “ಅಪ್ಪಾ, ಅವತ್ತ ನನ್ನ ಕಣ್ಣಿಗೆ ನೀರ ಬಿಟ್ಟವರೂ ಅವರ” ಎಂದಷ್ಟೇ ಹೇಳಿ ಹಾಳೆಗಳನ್ನು ಹೆಂಡತಿಗೆ ಕೊಟ್ಟ. ರೇಖಾ ನಿಂತಲ್ಲೇ ಓದಿದಳು.

“ಮಾವಾರ, ಎಲ್ಲಾ ಬರದೀರಿ. ಓಣಿಯವರು ಇಟ್ಟ ಹೆಸರೂ ಬರದೀರಿ. ಅವರ ಹೆಸರ ಎಲ್ಲೈತಿ?”

“ಎಲ್ಲಾರೂ ಅಕ್ಕಾರು ಅಂತನ ಕರೀತಿದ್ದರವ್ವಾ…”

“ಎಲ್ಲಾರದೂ ಬ್ಯಾಡ. ನಿಮಗ ಗೊತ್ತೈತೋ ಇಲ್ಲೋ? ಆ ಹೆಸರ ಬರದು, ಹಲಗೇರಿಗೆ ಒಯ್ದು, ಅವರ ಮುಂದ ಕುಂತು ಓದಿ ಬರ್ರಿ. ಅಲ್ಲೀತನಕ ಈ ಮನ್ಯಾಗ ನಿಮಗ ಚಾ ಬಿಸ್ಕೀಟ ಅಷ್ಟ.”

ಹೆಸರು ಗೊತ್ತಿತ್ತು. ಅವರ ಡಬ್ಬಿಯ ಮೇಲೆ ಕೊರೆಸಿದ್ದನ್ನು ವರ್ಷಗಟ್ಟಲೆ ಓದಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಹೋಗಿ, ಅವರ ಎದುರಿಗೆ ಕುಳಿತು, ಚಹಾ ಮುಟ್ಟದೆ ಈ ಮಾತನ್ನು ಓದಬೇಕು: ಮೆಣಸು ಅರ್ಧ ಮಾಡಬೇಡಿ. ನಿಮ್ಮ ಅಳತೆ ಸರಿಯಾಗಿತ್ತು, ನಿಮ್ಮ ಕೈಯೂ ಸರಿಯಾಗಿತ್ತು. ಅಂದು ಕಲ್ಲು ತೊಳೆಯದವನು ನಾನು, ನೀಲಾಂಬಿಕಾ ಅಕ್ಕಾರ.